ವಿಮಾನದ ಸದ್ದು, ಗಿರಣಿಯ ಸದ್ದು

ಹೊಸದುರ್ಗದಲ್ಲಿ ಕೂತು ವಿಮಾನದಲ್ಲಿ ಹಾಕಿಕೊಳ್ಳುವ ಹೆಡ್‌ಫೋನಿನ ಬಗ್ಗೆ ಬರೆಯುವುದು ಕೆಲವರಿಗೆ ಬಡಾಯಿಯಾಗಿ ಕಾಣಬಹುದು. ಇಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್ ದಾರಿ. ಆದರೆ ನಮ್ಮ ತಾಲೂಕಿನಿಂದ ಹೋಗಿ ವಿಮಾನ ಹತ್ತುವವರು ಈಗ ಉಳ್ಳವರು ಮಾತ್ರವಲ್ಲ. ಸೌದಿ, ದುಬೈಗಳಿಗೆ ವೈರಿಂಗ್ ಕೆಲಸಕ್ಕೆ, ಡ್ರೈವರ್ ಕೆಲಸಕ್ಕೆ ಹೋಗುವ ಹುಡುಗರಿದ್ದಾರೆ. ತೆಂಗಿನಕಾಯಿ ಮಾರಿದ ದುಡ್ಡು ಕೂಡಿಟ್ಟು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರಿದ್ದಾರೆ. ಉಮ್ರಾ ಯಾತ್ರೆಗೆಂದು ಚೀಟಿ ಕಟ್ಟಿ ಹಣ ಜೋಡಿಸುವ ಮುದುಕಿಯರಿದ್ದಾರೆ. ಇವರೆಲ್ಲರ ಮಕ್ಕಳು, ಮೊಮ್ಮಕ್ಕಳು ಹೊರಡುವ ಮುನ್ನ ಕೊಡುವ ಸಲಹೆಗಳ ಪಟ್ಟಿಯಲ್ಲಿ ಈಚೆಗೆ ಒಂದು ಹೊಸ ವಸ್ತು ಸೇರಿದೆ. ಅದರ ಹೆಸರು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್. ಅಂದರೆ ಸದ್ದನ್ನು ಅಳಿಸುವ ಹೆಡ್‌ಫೋನ್.

2023ರ ಕೊನೆಯಲ್ಲಿ ಎಪ್ಪತ್ತು ದಾಟಿದ ನನ್ನ ತಾಯಿಯನ್ನು ಉಮ್ರಾಕ್ಕೆ ಕರೆದುಕೊಂಡು ಹೊರಟಾಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಫೋನ್ ಮಾಡಿ, "ಮಾಮು, ಜಿದ್ದಾಕ್ಕೆ ಆರು ಗಂಟೆ ಆಗುತ್ತೆ. ನಾನಿಮಾಗೆ ಒಂದು ಒಳ್ಳೆಯ ಹೆಡ್‌ಫೋನ್ ತಗೊಳ್ಳಿ. ಇಲ್ಲದಿದ್ದರೆ ಅವರಿಗೆ ತಲೆನೋವು ಬರುತ್ತೆ" ಎಂದ. ನಾನು ಅದನ್ನು ಅಮ್ಮಿಗೆ ಹೇಳಿದೆ. "ಕಿವಿಗೆ ಮುಚ್ಚಳ ಹಾಕಿಕೊಂಡು ಅಲ್ಲಾಹನ ಮನೆಗೆ ಹೋಗಬೇಕೇನೋ?" ಎಂದು ನಕ್ಕುಬಿಟ್ಟಳು.

ಆದರೂ ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಬಲು ಮರ್ಯಾದೆಯಿಂದ ಒಂದು ಹೆಡ್‌ಫೋನನ್ನು ನನ್ನ ಕಿವಿಗೇರಿಸಿ ಗುಂಡಿ ಒತ್ತಿದ. ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಎ.ಸಿ. ಯಂತ್ರದ ಸದ್ದು ಯಾರೋ ಬಟ್ಟೆಯಿಂದ ಒರೆಸಿ ತೆಗೆದ ಹಾಗೆ ಹೋಯಿತು. ನಾನು ಬೆರಗಾದುದನ್ನು ಕಂಡು ಹುಡುಗ, "ಎಲ್ಲಾ ಸದ್ದೂ ಹೋಗುತ್ತೆ ಸರ್, ಪೂರ್ತಿ ಸೈಲೆಂಟ್" ಎಂದ.

ಅವನ ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಹೆಡ್‌ಫೋನ್ ನನ್ನ ಕಿವಿಯ ಮೇಲೇ ಇತ್ತು.

ಈ ವಸ್ತುವಿನ ಬಗ್ಗೆ ವಿಮರ್ಶೆ ಎಂಬುದೇನಾದರೂ ಇರುವುದಾದರೆ ಅದು ಇಲ್ಲಿಂದಲೇ ಶುರುವಾಗಬೇಕು ಎಂದು ನನಗನ್ನಿಸುತ್ತದೆ. ಮಾರುವವನು ಹೇಳಿದ್ದು ಸುಳ್ಳು. ಆದರೆ ವಸ್ತು ಮೋಸದ್ದಲ್ಲ. ಅದು ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದರ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ಮಾತ್ರ ಬೇರೆ ಇನ್ನೇನೋ.

ಮೊದಲು ಅದು ಮಾಡುವ ಕೆಲಸವನ್ನು ನೋಡೋಣ. ಸದ್ದು ಎಂದರೆ ಗಾಳಿಯ ಒತ್ತಡದಲ್ಲಿ ಏಳುವ ಅಲೆ. ಒಂದು ಅಲೆ ಏರುವಾಗ ಅಷ್ಟೇ ಪ್ರಮಾಣದಲ್ಲಿ ಇಳಿಯುವ ಇನ್ನೊಂದು ಅಲೆಯನ್ನು ಅದಕ್ಕೆ ಎದುರಾಗಿ ಬಿಟ್ಟರೆ ಎರಡೂ ಕೂಡಿ ಸಮತಟ್ಟಾಗುತ್ತವೆ. ಹೆಡ್‌ಫೋನಿನ ಬಟ್ಟಲುಗಳಲ್ಲಿರುವ ಸಣ್ಣ ಮೈಕುಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ. ಒಳಗಿನ ಚಿಪ್ಪು ಅದರ ಎದುರಲೆಯನ್ನು ಲೆಕ್ಕ ಹಾಕಿ ಸ್ಪೀಕರಿನಿಂದ ಬಿಡುತ್ತದೆ. ಈ ತತ್ವಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಎಂಬ ವಿಜ್ಞಾನಿ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. 1950ರ ದಶಕದಲ್ಲಿ ಲಾರೆನ್ಸ್ ಫೋಗಲ್ ಎಂಬಾತ ಹೆಲಿಕಾಪ್ಟರು, ವಿಮಾನಗಳ ಚಾಲಕರ ಕಿವಿಗಾಗಿ ಇದನ್ನು ಬಳಸುವ ದಾರಿ ಹುಡುಕಿದ.

ಇದನ್ನು ಪ್ರಯಾಣಿಕರ ಕಿವಿಯವರೆಗೆ ತಂದವರ ಕಥೆ ನಮಗೆ ಇನ್ನೂ ಹತ್ತಿರದ್ದು. ಬ್ರಿಟಿಷರ ವಿರುದ್ಧ ಹೋರಾಡಿ, ಅವರ ಕಣ್ಣು ತಪ್ಪಿಸಿ ಅಮೆರಿಕ ಸೇರಿದ ನೋನಿ ಗೋಪಾಲ್ ಬೋಸ್ ಎಂಬ ಬಂಗಾಳಿಯ ಮಗ ಅಮರ್ ಬೋಸ್. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಇವರು ಮುಂದೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದರು. 1978ರಲ್ಲಿ ಜ್ಯೂರಿಕ್‌ನಿಂದ ಮರಳುವಾಗ ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತ ಕೇಳಲು ಹೋಗಿ, ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳದೆ, ಕೂತ ಜಾಗದಲ್ಲೇ ಲೆಕ್ಕ ಹಾಕಲು ತೊಡಗಿದರಂತೆ. ಆ ಲೆಕ್ಕ ಅಂಗಡಿಗೆ ಬರಲು ಬಹಳ ವರ್ಷ ಹಿಡಿಯಿತು. 1986ರಲ್ಲಿ ವಾಯೇಜರ್ ಎಂಬ ಪುಟ್ಟ ವಿಮಾನ ಎಲ್ಲೂ ಇಳಿಯದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದಾಗ ಅದರ ಇಬ್ಬರು ಚಾಲಕರ ಕಿವಿ ಕಾಪಾಡಲು ಈ ಉಪಕರಣದ ಮೊದಲ ಮಾದರಿಗಳನ್ನು ಕೊಡಲಾಗಿತ್ತು. 1989ರಲ್ಲಿ ವಿಮಾನ ಚಾಲಕರಿಗೆ, 2000ದಲ್ಲಿ ಸಾಮಾನ್ಯ ಪ್ರಯಾಣಿಕರಿಗೆ ಬೋಸ್ ಕಂಪನಿಯ ಹೆಡ್‌ಫೋನ್ ಸಿಕ್ಕಿತು. ಇಂದು ಇದನ್ನು ಮಾಡುವ ಕಂಪನಿಗಳು ಹತ್ತಾರು. ಎರಡು ಸಾವಿರ ರೂಪಾಯಿಗೂ ಸಿಗುತ್ತವೆ, ಮೂವತ್ತು ಸಾವಿರ ದಾಟಿದವೂ ಇವೆ.

ಈ ಚರಿತ್ರೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಉಪಕರಣ ಹುಟ್ಟಿದ್ದು ಎಂಜಿನ್ನಿನ ಪಕ್ಕ ಕೂತು ದುಡಿಯುವವನ ಕಿವಿಗಾಗಿ. ಆರಾಮವಾಗಿ ಕೂತು ಹಾಡು ಕೇಳುವವನಿಗೆ ಅದು ಬಂದದ್ದು ಆಮೇಲೆ. ಈ ಮಾತಿಗೆ ಮುಂದೆ ಮರಳುತ್ತೇನೆ.

ಅಲೆಗೆ ಎದುರಲೆ ಬಿಡುವ ಈ ಉಪಾಯಕ್ಕೆ ಒಂದು ಮಿತಿ ಇದೆ. ಎಂಜಿನ್ನಿನ ಮೊರೆತದಂತಹ, ಒಂದೇ ಸಮನೆ ಸಾಗುವ ತಗ್ಗು ಸ್ವರದ ಸದ್ದನ್ನು ಅದು ಸುಲಭವಾಗಿ ಹಿಡಿಯುತ್ತದೆ. ಸ್ವರ ಮೇಲೇರಿದಂತೆ ಅಲೆಗಳು ಚಿಕ್ಕವಾಗುತ್ತವೆ, ಅವುಗಳ ವೇಗಕ್ಕೆ ಸರಿಯಾಗಿ ಎದುರಲೆ ಹೊಂದಿಸುವುದು ಕಷ್ಟವಾಗುತ್ತದೆ. ಸುಮಾರು ಒಂದು ಸಾವಿರ ಹರ್ಟ್ಸ್ ದಾಟಿದ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಕಿವಿಯನ್ನು ಮುಚ್ಚಿದ ಮೆತ್ತೆಯೇ ಹೊರತು ಚಿಪ್ಪಲ್ಲ. ಮಗುವಿನ ಅಳು, ಪಾತ್ರೆ ಬಿದ್ದ ಸದ್ದು, ಪಕ್ಕದವರ ಮಾತಿನ ಸ್ಪಷ್ಟತೆ ಎಲ್ಲ ಇರುವುದು ಆ ಮೇಲಿನ ಭಾಗದಲ್ಲಿ. ಹಾಗಾಗಿ ಅಂಗಡಿಯ ಹುಡುಗನ ಮಾತು ನನಗೆ ಕೇಳಿಸಿತು, ಎ.ಸಿ. ಯಂತ್ರದ ಮಾತು ಕೇಳಿಸಲಿಲ್ಲ.

ಆದರೆ ಜಾಹೀರಾತುಗಳನ್ನು ನೋಡಿ. ಅವುಗಳಲ್ಲಿ ಎಂಜಿನ್ ಕಾಣುವುದಿಲ್ಲ, ಮನುಷ್ಯರು ಕಾಣುತ್ತಾರೆ. ಗಿಜಿಗುಟ್ಟುವ ಜನ, ಅಳುವ ಮಗು, ಹರಟುವ ಸಹಪ್ರಯಾಣಿಕ, ಅವರ ನಡುವೆ ಕಣ್ಣು ಮುಚ್ಚಿ ಮುಗುಳ್ನಗುವ ಒಬ್ಬ ವ್ಯಕ್ತಿ. ಯಂತ್ರದ ಸದ್ದನ್ನು ಅಳಿಸಲು ಹುಟ್ಟಿದ ಉಪಕರಣವನ್ನು ನೆರೆಯವನ ಸದ್ದನ್ನು ಅಳಿಸುವ ಉಪಕರಣವೆಂದು ಮಾರಲಾಗುತ್ತಿದೆ. ಈ ಎರಡನೆಯ ಕೆಲಸವನ್ನು ಅದು ಅರ್ಧಂಬರ್ಧ ಮಾಡುತ್ತದೆ. ಮಾಡಲಿ ಎಂಬ ಆಸೆಯನ್ನು ಮಾತ್ರ ನಮ್ಮಲ್ಲಿ ಪೂರ್ತಿಯಾಗಿ ಬಿತ್ತುತ್ತದೆ.

ಉರ್ದುವಿನಲ್ಲಿ ಎರಡು ಪದಗಳಿವೆ. ಖಾಮೋಷಿ ಮತ್ತು ಸುಕೂನ್. ಖಾಮೋಷಿ ಎಂದರೆ ಸದ್ದಿಲ್ಲದಿರುವುದು. ಸುಕೂನ್ ಎಂದರೆ ಒಳಗಿನ ನೆಮ್ಮದಿ, ಕದಲಿಕೆ ನಿಂತ ಸ್ಥಿತಿ. ಸದ್ದಿಲ್ಲದ ಮನೆಯಲ್ಲಿ ನೆಮ್ಮದಿ ಇಲ್ಲದಿರಬಹುದು. ಸಂತೆಯ ಗಲಾಟೆಯ ನಡುವೆ ತನ್ನ ಬುಟ್ಟಿಯ ಮುಂದೆ ಕೂತ ಮುದುಕಿಗೆ ಸುಕೂನ್ ಇರಬಹುದು. ಹೆಡ್‌ಫೋನ್ ಕೊಡಬಲ್ಲದ್ದು ಖಾಮೋಷಿಯ ಒಂದು ಪಾಲನ್ನು. ಜಾಹೀರಾತು ಬೆಲೆ ಕಟ್ಟುವುದು ಸುಕೂನ್‌ಗೆ. ಕೊಳ್ಳುವವರು ಈ ವ್ಯತ್ಯಾಸ ತಿಳಿದು ಕೊಂಡರೆ ದುಡ್ಡೂ ಉಳಿಯುತ್ತದೆ, ನಿರಾಸೆಯೂ ತಪ್ಪುತ್ತದೆ.

ಹಾಗಾದರೆ ಕೊಳ್ಳುವುದು ಹೇಗೆ? ನಾನು ಸುತ್ತಾಡಿ, ತಿಳಿದವರನ್ನು ಕೇಳಿ, ಬಳಸಿ ಕಂಡುಕೊಂಡದ್ದನ್ನು ಹೇಳುತ್ತೇನೆ. ಮೊದಲನೆಯದು, ಇದನ್ನು ತಣ್ಣಗಿನ ಶೋರೂಮಿನಲ್ಲಿ ಪರೀಕ್ಷಿಸಬಾರದು. ಸದ್ದಿಲ್ಲದ ಕಡೆ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾರಾದರೂ ಬಂಧುವಿನ ಹತ್ತಿರ ಇದ್ದರೆ ಎರವಲು ಪಡೆದು ಓಡುವ ಬಸ್ಸಿನಲ್ಲೋ, ಜನರೇಟರ್ ಪಕ್ಕದಲ್ಲೋ ಹಾಕಿ ನೋಡಬೇಕು. ಹಿಂತಿರುಗಿಸಲು ಅವಕಾಶವಿರುವ ಕಡೆ ಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯದು, ಕಿವಿಯ ಸುತ್ತ ಮೆತ್ತೆ ಬಿಗಿಯಾಗಿ ಕೂರಬೇಕು. ಒಂದೆಳೆ ಸಂದು ಬಿಟ್ಟರೂ ತಗ್ಗು ಸ್ವರದ ಸದ್ದು ಅಲ್ಲಿಂದ ನುಗ್ಗುತ್ತದೆ. ದಪ್ಪ ಕಡ್ಡಿಯ ಕನ್ನಡಕ ಹಾಕುವವರಿಗೆ ಈ ತೊಂದರೆ ಹೆಚ್ಚು. ನಮ್ಮ ಹೆಣ್ಣುಮಕ್ಕಳ ವಿಷಯವನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ದುಪಟ್ಟಾ, ಸ್ಕಾರ್ಫುಗಳ ಮೇಲೆ ಹೆಡ್‌ಫೋನ್ ಇಟ್ಟರೆ ಬಟ್ಟೆಯ ನೆರಿಗೆಯಿಂದ ಸಂದು ಬೀಳುತ್ತದೆ, ಹೊರಗಿನ ಮೈಕುಗಳಿಗೆ ಬಟ್ಟೆ ತಾಗಿ ಕರಕರ ಎನ್ನುತ್ತದೆ. ಸ್ಕಾರ್ಫ್ ಕಟ್ಟುವ ಮೊದಲೇ ಒಳಗೆ ಹಾಕಿಕೊಳ್ಳಬೇಕು, ಇಲ್ಲವೇ ಕಿವಿಯೊಳಗೆ ಕೂರುವ ಸಣ್ಣ ಬಿರಡೆಯಂಥವನ್ನು ಆರಿಸಬೇಕು. ಇಹ್ರಾಮ್ ಧರಿಸಿದ ಗಂಡಸರಿಗೆ ತಲೆ ಮುಚ್ಚುವಂತಿಲ್ಲ. ತಲೆಯ ಮೇಲೆ ಹಾಯುವ ಪಟ್ಟಿಯ ಬಗ್ಗೆ ಸಂಶಯವಿರುವವರು ತಮ್ಮ ಆಲಿಮರನ್ನು ಕೇಳುವುದು ಸರಿ. ಬಿರಡೆಯಂಥವನ್ನು ಬಳಸಿದರೆ ಆ ಸಂಶಯವೇ ಏಳುವುದಿಲ್ಲ.

ಮೂರನೆಯದು, ಹೊರಗಿನ ಸದ್ದನ್ನು ಬೇಕೆಂದಾಗ ಒಳಬಿಡುವ ಗುಂಡಿ ಇರಬೇಕು. ಅದು ಒತ್ತಲು ಸುಲಭವಾಗಿರಬೇಕು. ಸಂಗೀತದ ಗುಣಮಟ್ಟದ ಬಗ್ಗೆ ಪುಟಗಟ್ಟಲೆ ಬರೆಯುವವರು ಇದನ್ನು ಕೊನೆಯ ಸಾಲಿನಲ್ಲಿ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಮೊದಲ ಸಾಲಿನಲ್ಲಿ ಬರಬೇಕು. ವಿಮಾನದಲ್ಲಿ ಸಿಬ್ಬಂದಿಯ ಸೂಚನೆ ಕೇಳಿಸುವುದು ಜೀವದ ಪ್ರಶ್ನೆ.

ಇನ್ನು ಸಣ್ಣಪುಟ್ಟ ಸಂಗತಿಗಳು. ಸೀಟಿನ ಮುಂದಿನ ಪರದೆಯ ಧ್ವನಿ ಕೇಳಬೇಕಾದರೆ ವೈರು ಚುಚ್ಚುವ ಸೌಲಭ್ಯವಿರಲಿ. ಕೆಲವು ಹಳೆಯ ವಿಮಾನಗಳಲ್ಲಿ ಎರಡು ತೂತಿನ ಸಾಕೆಟ್ಟು ಇರುತ್ತದೆ, ಅದಕ್ಕೊಂದು ಜೋಡಣೆ ಬೇಕು. ಬ್ಯಾಟರಿ ಇರುವ ವಸ್ತುವಾದ್ದರಿಂದ ಕೈಚೀಲದಲ್ಲೇ ಇಡಬೇಕು. ವಿಮಾನ ಇಳಿಯುವಾಗ ಕಿವಿ ಕಟ್ಟುವುದಕ್ಕೆ ಇದು ಮದ್ದಲ್ಲ. ಅದಕ್ಕೆ ಎಂಜಲು ನುಂಗುವುದು, ಏನಾದರೂ ಅಗಿಯುವುದೇ ಉಪಾಯ. ರೆಕ್ಕೆಗಿಂತ ಮುಂದಿನ ಸೀಟು ಸಿಕ್ಕರೆ ಅಲ್ಲಿ ಎಂಜಿನ್ ಸದ್ದು ಸಾಮಾನ್ಯವಾಗಿ ಕಡಿಮೆ. ದುಡ್ಡಿಲ್ಲದವರು ಕೊರಗಬೇಕಿಲ್ಲ. ಔಷಧದಂಗಡಿಯಲ್ಲಿ ಸಿಗುವ, ಬೆರಳಲ್ಲಿ ಹೊಸೆದು ಕಿವಿಗೆ ತುರುಕುವ ಫೋಮಿನ ಬಿರಡೆ ಒಂದು ಊಟದ ಬೆಲೆಗೂ ಕಡಿಮೆ. ಮಾತಿನ ಸದ್ದನ್ನು ತಗ್ಗಿಸುವುದರಲ್ಲಿ ಅದು ಎಷ್ಟೋ ದುಬಾರಿ ಯಂತ್ರಗಳಿಗೆ ಸಮನಾಗಿ ನಿಲ್ಲುತ್ತದೆ.

ಈ ಯಂತ್ರದಿಂದ ಒಂದು ನಿಜವಾದ ಉಪಕಾರವೂ ಇದೆ. ಹಾರುವ ವಿಮಾನದೊಳಗಿನ ಸದ್ದು ಸಾಧಾರಣವಾಗಿ 80ರಿಂದ 85 ಡೆಸಿಬಲ್. ಅದನ್ನು ಮೀರಿ ಹಾಡು ಕೇಳಬೇಕೆಂದರೆ ಸಾಮಾನ್ಯ ಹೆಡ್‌ಫೋನಿನಲ್ಲಿ ಧ್ವನಿಯನ್ನು ಅಪಾಯದ ಮಟ್ಟಕ್ಕೆ ಏರಿಸಬೇಕಾಗುತ್ತದೆ. ಹಿನ್ನೆಲೆಯ ಮೊರೆತ ತಗ್ಗಿದರೆ ಹಾಡನ್ನೂ ತಗ್ಗಿಸಿ ಕೇಳಬಹುದು. ಕಿವಿ ಉಳಿಯುತ್ತದೆ.

ಕಿವಿ ಉಳಿಯುತ್ತದೆ ಎಂಬ ಈ ಮಾತಿನ ಹತ್ತಿರ ಬಂದಾಗಲೇ ಅಂಗಡಿಯಲ್ಲಿ ನನ್ನ ಕೈ ತಡೆದದ್ದು. ಯಾರ ಕಿವಿ?

ನನ್ನ ಅಬ್ಬಾ ಹೊಸದುರ್ಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಟ್ಟಿನ ಗಿರಣಿ ನಡೆಸಿದರು. ರಾಗಿಗೆ ಒಂದು ಕಲ್ಲು, ಖಾರದ ಪುಡಿಗೆ ಇನ್ನೊಂದು. ಬೆಳಿಗ್ಗೆ ಎಂಟಕ್ಕೆ ಮೋಟಾರು ಹಾಕಿದರೆ ಕರೆಂಟು ಇರುವಷ್ಟು ಹೊತ್ತೂ ಅದು ತಿರುಗುತ್ತಿತ್ತು. ಬೆಲ್ಟಿನ ಪಟಪಟ, ಕಲ್ಲಿನ ಮೊರೆತ, ಡಬ್ಬ ಬಡಿಯುವ ಸದ್ದು. ಗಿರಣಿಯೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಹಿಟ್ಟು ನುಣ್ಣಗೆ ಬೇಕೆಂದರೆ ಹೆಬ್ಬೆರಳನ್ನು ತೋರುಬೆರಳಿಗೆ ಮೆಲ್ಲಗೆ ಉಜ್ಜಿ ತೋರಿಸಬೇಕು, ತರಿಯಾಗಿ ಬೇಕೆಂದರೆ ಐದೂ ಬೆರಳು ಕೂಡಿಸಿ ಒರಟಾಗಿ. ಊರಿನ ಎಲ್ಲ ಜಾತಿಯ ಹೆಂಗಸರಿಗೂ ಆ ಭಾಷೆ ಬರುತ್ತಿತ್ತು. ನಾನು ಶಾಲೆಯಲ್ಲಿ ಕಲಿತ ಉರ್ದು, ಕನ್ನಡಗಳಿಗಿಂತ ಮುಂಚೆ ಕಲಿತ ಭಾಷೆ ಅದು.

ಒಂದು ತೋಳಿನಷ್ಟು ದೂರದಲ್ಲಿ ನಿಂತವನ ಜೊತೆ ಕೂಗಿ ಮಾತಾಡಬೇಕಾದ ಜಾಗದಲ್ಲಿ ಸದ್ದು 85 ಡೆಸಿಬಲ್ ಮುಟ್ಟಿದೆ ಅಥವಾ ದಾಟಿದೆ ಎಂದು ತಿಳಿಯಬೇಕೆನ್ನುತ್ತಾರೆ ತಜ್ಞರು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಮೂರು ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯಬೇಕು. ಭಾರತದ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬಲ್ ಮಿತಿ ಹಾಕಿದ್ದವು. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯಿದೆಯ ರೋಗಗಳ ಪಟ್ಟಿಯಲ್ಲೂ ಸೇರಿತ್ತು. ಆದರೆ ಆ ಕಾಯಿದೆಗೆ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಕೆಲಸಗಾರರಿರಬೇಕಿತ್ತು. ನಮ್ಮ ಗಿರಣಿಯಲ್ಲಿದ್ದವರು ಅಬ್ಬಾ ಮತ್ತು ಒಬ್ಬ ಹುಡುಗ. ಅವರ ಕಿವಿಗಳು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಐವತ್ತೈದರ ಹೊತ್ತಿಗೆ ಅಬ್ಬಾ, "ನೀವೆಲ್ಲ ಬಾಯೊಳಗೇ ಮಾತಾಡ್ತೀರಿ" ಎಂದು ರೇಗತೊಡಗಿದರು. ನಾವು ಗಟ್ಟಿಯಾಗಿ ಹೇಳಿದರೆ "ಕಿರುಚಬೇಡಿ" ಎನ್ನುತ್ತಿದ್ದರು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆ. ಅಲ್ಲಿ ಪರೀಕ್ಷೆ ಮಾಡಿ ಒಂದು ನಕ್ಷೆ ತೋರಿಸಿದರು. ತಗ್ಗು ಸ್ವರಗಳ ಕಡೆ ಗೆರೆ ಸುಮಾರಾಗಿ ನೆಟ್ಟಗಿತ್ತು, ಮೇಲಿನ ಸ್ವರಗಳ ಕಡೆ ಬಂದಾಗ ಹಳ್ಳಕ್ಕೆ ಬಿದ್ದಿತ್ತು. ಬಹುಕಾಲದ ಸದ್ದಿನಿಂದ ಆಗುವ ಕಿವುಡು ಮೂರು ಸಾವಿರದಿಂದ ಆರು ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಒಳಗಿವಿಯಲ್ಲಿರುವ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ಮಾತಿನಲ್ಲಿ ಅ, ಆ, ಓ ಮೊದಲಾದ ಸ್ವರಗಳ ಬಲ ತಗ್ಗಿನಲ್ಲಿದೆ. ಸ, ಶ, ತ, ಫ ಮೊದಲಾದ ವ್ಯಂಜನಗಳ ಗುರುತು ಇರುವುದು ಮೇಲೆ. ಅಬ್ಬಾರಿಗೆ ನಮ್ಮ ಸ್ವರಗಳು ಕೇಳುತ್ತಿದ್ದವು, ವ್ಯಂಜನಗಳು ಕೇಳುತ್ತಿರಲಿಲ್ಲ. ಮೊಮ್ಮಗಳು ಏನೋ ಹೇಳುತ್ತಿದ್ದಾಳೆ ಎಂಬುದು ತಿಳಿಯುತ್ತಿತ್ತು. ಏನು ಹೇಳುತ್ತಿದ್ದಾಳೆ ಎಂಬುದು ತಿಳಿಯುತ್ತಿರಲಿಲ್ಲ.

ಒಮ್ಮೆ ಆರು ಗಂಟೆ ಕೂತು ಹೋಗುವ ನಮಗೆ, ಎಂಜಿನ್ನಿನಿಂದ ದೂರದಲ್ಲಿ, ಮೂವತ್ತು ಸಾವಿರದ ಯಂತ್ರ ಬೇಕೋ ಇಪ್ಪತ್ತು ಸಾವಿರದ್ದು ಸಾಕೋ ಎಂಬ ಚರ್ಚೆ. ದಿನಕ್ಕೆ ಹತ್ತು ಗಂಟೆಯಂತೆ ಮೂವತ್ತು ವರ್ಷ ಕಲ್ಲಿನ ಪಕ್ಕ ನಿಂತವರಿಗೆ ಒಂದು ಉಂಡೆ ಹತ್ತಿಯೂ ಇರಲಿಲ್ಲ. ಹತ್ತಿ ತುರುಕಿದರೆ ಗಿರಾಕಿಗಳು ನಗುತ್ತಿದ್ದರು. ಬೋರ್‌ವೆಲ್ ಲಾರಿಯ ಹುಡುಗರು, ಕಲ್ಲು ಕ್ರಷರಿನವರು, ತೆಂಗಿನ ನಾರಿನ ಯಂತ್ರದವರು, ಮೆಕ್ಕೆಜೋಳ ಬಿಡಿಸುವ ಯಂತ್ರದ ಹಿಂದೆ ನಿಲ್ಲುವ ಹೆಂಗಸರು, ಇವರ ಕಿವಿಗೆ ಇವತ್ತೂ ಏನಿದೆ? ಪೈಲಟ್ಟಿನ ಕಿವಿಗೆ ಬೆಲೆ ಇದೆ ಎಂದು ಒಪ್ಪಿಕೊಂಡ ಲೋಕ ಗಿರಣಿಯವನ ಕಿವುಡನ್ನು ಅವನ ವಯಸ್ಸಿನ ಲೆಕ್ಕಕ್ಕೆ ಬರೆಯಿತು. ಇದರಲ್ಲಿ ಬೇರೆಯವರ ತಪ್ಪನ್ನಷ್ಟೇ ಹುಡುಕಲಾರೆ. ಗಿರಣಿಯ ದುಡ್ಡಿನಲ್ಲಿ ಓದಿದ ನಾನೂ ಆ ಸದ್ದನ್ನು ಅಬ್ಬಾರ ಸ್ವಭಾವದ ಒಂದು ಭಾಗವೆಂದೇ ತಿಳಿದಿದ್ದೆ.

ಸದ್ದಿನ ವಿಷಯ ಬಂದಾಗ ನಮ್ಮ ರಾಜ್ಯದಲ್ಲಿ ನಡೆದ ಇನ್ನೊಂದು ಚರ್ಚೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕೇಂದ್ರ ಸರ್ಕಾರ 2000ದಲ್ಲಿ ಮಾಡಿದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬುದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಈ ನಿಯಮ ಎಲ್ಲರಿಗೂ ಒಂದೇ. ಆದರೆ 2022ರಲ್ಲಿ ಕರ್ನಾಟಕದಲ್ಲಿ ಇದು ಅಜಾನಿನ ಪ್ರಶ್ನೆಯಾಯಿತು. ಅದಕ್ಕೆದುರಾಗಿ ಬೇರೆ ಪಠಣವನ್ನು ಧ್ವನಿವರ್ಧಕದಲ್ಲಿ ಹಾಕುವ ಚಳವಳಿಯಾಯಿತು. ಕೊನೆಗೆ ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಎಲ್ಲ ಧ್ವನಿವರ್ಧಕಗಳಿಗೂ ಅನುಮತಿ ಬೇಕೆಂದು ಆದೇಶ ಹೊರಡಿಸಿತು. ಒಂದು ಸದ್ದಿಗೆ ಎದುರು ಸದ್ದು ಹಾಕಿದರೆ ಹೆಡ್‌ಫೋನಿನೊಳಗೆ ಎರಡೂ ಅಳಿಯುತ್ತವೆ, ಬೀದಿಯಲ್ಲಿ ಎರಡೂ ಇಮ್ಮಡಿಯಾಗುತ್ತವೆ.

ಡೆಸಿಬಲ್ ಅಳೆಯುವ ಯಂತ್ರಕ್ಕೆ ಜಾತಿ ಧರ್ಮ ಗೊತ್ತಿಲ್ಲ. ಮಸೀದಿಯ ಧ್ವನಿವರ್ಧಕ ಮಿತಿ ಮೀರಿದರೆ ತಗ್ಗಿಸಬೇಕು. ಇದನ್ನು ಯಾರೋ ಹೇಳುವ ಮುಂಚೆ ನಾವೇ ಮಾಡಬೇಕು. ಮೊಹಲ್ಲಾದಲ್ಲಿಯೂ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ನಿದ್ದೆ ಬಾರದ ರೋಗಿಗಳಿದ್ದಾರೆ. ಅದೇ ಅಳತೆ ಗಣಪತಿಯ ಡಿ.ಜೆ.ಗೂ, ಮದುವೆಯ ಮೆರವಣಿಗೆಗೂ, ಚುನಾವಣೆಯ ಜೀಪಿಗೂ ಅನ್ವಯಿಸಬೇಕು. ಜಾಹೀರಾತಿನ ಹೆಡ್‌ಫೋನಿನಂತೆ ಯಂತ್ರದ ಗದ್ದಲವನ್ನು ಬಿಟ್ಟು ನೆರೆಯವನ ದನಿಯನ್ನಷ್ಟೇ ಅಳಿಸಲು ಹೊರಟರೆ ಅದು ಶಬ್ದ ಮಾಲಿನ್ಯದ ವಿರುದ್ಧದ ಹೋರಾಟವಲ್ಲ. ನಮ್ಮ ಸುತ್ತಲಿನ ಗುಡ್ಡಗಳ ಮೇಲೆ ಸಾಲುಗಟ್ಟಿದ ಗಾಳಿಯಂತ್ರಗಳು ಗಾಳಿ ಜೋರಾದ ರಾತ್ರಿ ಹೂಂಕರಿಸುವ ಬಗ್ಗೆ ಅಲ್ಲೇ ಕೆಳಗೆ ಮಲಗುವವರನ್ನು ಯಾರೂ ಚರ್ಚೆಗೆ ಕರೆದದ್ದು ನಾನು ಕಂಡಿಲ್ಲ.

ಕೊನೆಗೆ ನಾನು ಕೊಂಡದ್ದು ಮಧ್ಯಮ ಬೆಲೆಯ, ಗುಂಡಿ ದೊಡ್ಡದಿರುವ, ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ಅಮ್ಮಿಗೆ. ನನಗೆ ಫೋಮಿನ ಬಿರಡೆ.

ವಿಮಾನ ಮೇಲೇರಿ ಸೀಟಿನ ಪಟ್ಟಿಯ ದೀಪ ಆರಿದ ಮೇಲೆ ಸ್ಕಾರ್ಫಿನೊಳಗೆ ಕೈ ಹಾಕಿ ಅದನ್ನು ಅವಳ ಕಿವಿಗೇರಿಸಿ ಗುಂಡಿ ಒತ್ತಿದೆ. ಅಮ್ಮಿ ತಟ್ಟನೆ ನನ್ನ ಮೊಣಕೈ ಹಿಡಿದಳು. ಗಾಬರಿಯಿಂದ ಸುತ್ತ ನೋಡಿದಳು. "ಕರೆಂಟು ಹೋಯ್ತೇನೋ?" ಎಂದಳು.

ಗಿರಣಿಯವನ ಹೆಂಡತಿಗೆ ಒಂದೇ ಸಮನೆ ಬರುತ್ತಿದ್ದ ಮೊರೆತ ನಿಂತಿತೆಂದರೆ ಅರ್ಥ ಅದೊಂದೇ. ಇಲ್ಲ ಎಂದು ತಿಳಿಹೇಳಿದೆ. ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ ತುಸು ಜೋರಾಗಿಯೇ ಕೇಳಿದಳು: "ಇದು ನಿಮ್ಮ ಅಬ್ಬಾ ಇದ್ದಾಗ ಇರಲಿಲ್ಲವಾ?" ಇತ್ತು ಎಂದು ನನಗೆ ಗೊತ್ತಿತ್ತು. ಅಂಗಡಿಗೆ ಬಂದದ್ದು 2000ದಲ್ಲಿ, ಅಬ್ಬಾ ಗಿರಣಿ ಬಿಟ್ಟದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಬ್ಯಾಟರಿಯೇ ಇಲ್ಲದ, ಕಾರ್ಖಾನೆಗಳಲ್ಲಿ ಬಳಸುವ ಸಾದಾ ಕಿವಿಗವಚ ಅದಕ್ಕೂ ಎಷ್ಟೋ ಮೊದಲಿನಿಂದ ಇದೆ, ಕೆಲವು ನೂರು ರೂಪಾಯಿಗೆ. ನಾನು ಏನೂ ಹೇಳಲಿಲ್ಲ.

ನಿದ್ದೆ ಮಾಡಿದಳು. ತಲೆನೋವು ಬರಲಿಲ್ಲ. ಅಷ್ಟರ ಮಟ್ಟಿಗೆ ಅಕ್ಕನ ಮಗ ಹೇಳಿದ್ದು ಸರಿ. ಇಳಿಯುವ ಮುನ್ನ ಮೀಖಾತಿನ ಗಡಿ ಸಮೀಪಿಸುತ್ತಿದೆ ಎಂದು ಸಿಬ್ಬಂದಿ ಸಾರಿದರು. ಇಹ್ರಾಮಿನ ಸಂಕಲ್ಪ ಮಾಡಬೇಕಾದ ಹೊತ್ತು. ನಮ್ಮ ಸಾಲಿನಲ್ಲಿ ಇಬ್ಬರು ಯುವಕರು ಕಿವಿ ಮುಚ್ಚಿಕೊಂಡು ಸಿನಿಮಾ ನೋಡುತ್ತಿದ್ದರು. ಅವರಿಗೆ ಅದು ತಲುಪಲಿಲ್ಲ, ಭುಜ ತಟ್ಟಿ ಹೇಳಬೇಕಾಯಿತು. ಅಮ್ಮಿ ತಾನೇ ಹೆಡ್‌ಫೋನ್ ತೆಗೆದು ನನ್ನ ಮಡಿಲಿಗೆ ಹಾಕಿದಳು. ಮುಂದಿನ ಸಾಲಿನಿಂದ ತಲ್ಬಿಯಾ ಶುರುವಾಯಿತು. ಹಿಂದೆ ಎಲ್ಲೋ ಒಂದು ಮಗು ಅಳುತ್ತಿತ್ತು. ಎಂಜಿನ್ ಮೊರೆಯುತ್ತಿತ್ತು. ಅವಳು ಎಲ್ಲವನ್ನೂ ಒಟ್ಟಿಗೇ ಕೇಳುತ್ತ ತುಟಿ ಅಲ್ಲಾಡಿಸುತ್ತಿದ್ದಳು.

ಕಥೆ ಬರೆಯುವವನಾದ ನನಗೆ ಈ ವಸ್ತುವಿನ ಬಗ್ಗೆ ಸ್ವಾರ್ಥದ ಒಂದು ತಕರಾರೂ ಇದೆ. ನನ್ನ ಕಥೆಗಳಲ್ಲಿ ಅರ್ಧದಷ್ಟು ಹಿರಿಯೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನವರು ಆಡಿದ ಮಾತುಗಳಿಂದ ಹುಟ್ಟಿದವು. ಕಿವಿ ಮುಚ್ಚಿಕೊಂಡಿದ್ದರೆ ಅವು ಹುಟ್ಟುತ್ತಿರಲಿಲ್ಲ. ಆದರೆ ಅದನ್ನು ನೆವ ಮಾಡಿಕೊಂಡು ಈ ಯಂತ್ರವನ್ನು ಹಳಿಯಲಾರೆ. ಮೂವತ್ತು ವರ್ಷ ಗಂಡನಿಗೆ ಎಲ್ಲವನ್ನೂ ಎರಡೆರಡು ಸಲ ಕೂಗಿ ಹೇಳಿದ ಹೆಂಗಸಿಗೆ ಆರು ಗಂಟೆಯ ಪ್ರಯಾಣದಲ್ಲಿ ಮೂರು ಗಂಟೆ ನಿದ್ದೆ ಕೊಟ್ಟ ವಸ್ತು ಅದು. ಎಂಜಿನ್ನಿನ ವಿರುದ್ಧ ಕೊಳ್ಳುವುದಾದರೆ ಕೊಳ್ಳಿ. ಮನುಷ್ಯರ ವಿರುದ್ಧ ಕೊಳ್ಳುವುದಾದರೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮಾಡದಿರುವುದೇ ಒಳ್ಳೆಯದು.

ಊರಿಗೆ ಮರಳಿದ ಮೇಲೆ, ಈಗ ಆ ಗಿರಣಿ ನಡೆಸುತ್ತಿರುವ ಹುಡುಗನಿಗೆ ಒಂದು ಸಾದಾ ಕಿವಿಗವಚ ತಂದುಕೊಟ್ಟೆ. ಒಂದು ವಾರ ಅದು ಮೊಳೆಗೆ ನೇತಾಡುತ್ತಿತ್ತು. "ಗಿರಾಕಿ ಹೇಳಿದ್ದು ಕೇಳಲ್ಲ ಸಾರ್" ಎಂದ. ನಾನು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ತೋರಿಸಿದೆ. ಅವನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ರಾಗಿ ಡಬ್ಬ ಹಿಡಿದು ನಿಂತಿದ್ದ ವಯಸ್ಸಾದ ಹೆಂಗಸೊಬ್ಬಳಿಗೆ ಅರ್ಥವಾಯಿತು. ಅವಳೂ ಹಾಗೇ ಬೆರಳು ಉಜ್ಜಿ, "ನುಣ್ಣಗೆ ಅಂತ ಕಣಪ್ಪ" ಎಂದು ಅವನಿಗೆ ಹೇಳಿಕೊಟ್ಟಳು. ಮೊನ್ನೆ ಆ ಕಡೆ ಹೋದಾಗ ನೋಡಿದೆ. ಖಾರದ ಪುಡಿಯ ಕಲ್ಲು ತಿರುಗುವಾಗ ಹಾಕಿಕೊಂಡಿದ್ದ. ರಾಗಿಗೆ ಇನ್ನೂ ಹಾಕಿಕೊಳ್ಳುತ್ತಿಲ್ಲ.